ಹನುಮಕ್ಕನ ಫೋಟೊ ಕಂಬಕ್ಕೇರಿದ ವರ್ಷ

"ಭಟ್ಟಿ ಹೆಂಗಸ್ರು ನಿಮ್ಮ ಎರಡನೇ ಮೀಟಿಂಗಿಗೆ ಬಂದ್ರೆ ನಾನು ಅರ್ಧ ಮೀಸೆ ಬೋಳಿಸ್ಕೊಂಡು ಮಂಡಿಪೇಟೆ ತುಂಬ ಓಡಾಡ್ತೀನಿ" ಎಂದವರು ನನ್ನ ಸೋದರಮಾವ ರುದ್ರಪ್ಪ. ಮಾವ ಲಗೇಜ್ ಆಟೊ ಓಡಿಸುತ್ತಾರೆ. ಭಟ್ಟಿಗಳಿಂದ ಮಂಡಕ್ಕಿ ಚೀಲಗಳನ್ನು ಹೇರಿಕೊಂಡು ಮಂಡಿಪೇಟೆಯ ಸಗಟು ಅಂಗಡಿಗಳಿಗೆ ಇಳಿಸುವುದೇ ಅವರ ದಿನನಿತ್ಯ. ಭಟ್ಟಿಯ ಹೆಂಗಸರನ್ನೂ ಬಲ್ಲರು, ಸಾಹುಕಾರರನ್ನೂ ಬಲ್ಲರು. ಹಾಗಾಗಿ ಅವರ ಮಾತನ್ನು ತಮಾಷೆ ಎಂದು ತಳ್ಳಿಹಾಕುವ ಧೈರ್ಯ ನನಗಿರಲಿಲ್ಲ. ನಮ್ಮ ಆಫೀಸಿನ ಡಾಕ್ಟರ್ ಮೇಡಂ ಕೂಡ ಅದನ್ನೇ ಹೇಳಿದ್ದರು, ಮೀಸೆಯ ಪ್ರಸ್ತಾಪವಿಲ್ಲದೆ.

ಮೊನ್ನೆ ಯಾವುದೋ ಕೆಲಸಕ್ಕೆ ಭಟ್ಟಿಗಳ ಕಡೆ ಸ್ಕೂಟಿಯಲ್ಲಿ ಹೋಗಿದ್ದೆ. ತಿರುವಿನಲ್ಲಿ ಕಾದ ಮರಳಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅಕ್ಕಿ ಅರಳುವ ಹಿತವಾದ ವಾಸನೆ, ಅದರ ಹಿಂದೆ ಗಂಟಲಿಗೆ ಹತ್ತುವ ಹೊಗೆ. ಈ ಮೂರೂ ಒಂದೇ ಉಸಿರಿನಲ್ಲಿ ಒಳಗೆ ಹೋಗುವ ಜಾಗ ನಾನು ಬೇರೆಲ್ಲೂ ಕಂಡಿಲ್ಲ. ಗಾಡಿ ನಿಲ್ಲಿಸಿ ಕಾಲು ನೆಲಕ್ಕೆ ಊರಿದೆ. ಆ ವರ್ಷವೆಲ್ಲ ಎದೆಯ ಮೇಲೆ ಬಂದು ಕೂತ ಹಾಗಾಯಿತು.

ಕೆಲಸ ಹೀಗಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆಯ ಮುಂದೆ ಕೂತು ದುಡಿಯುವ ಹೆಂಗಸರು, ಹರಿಹರದ ಸುತ್ತಿನ ಅಕ್ಕಿ ಗಿರಣಿಗಳಲ್ಲಿ ಧೂಳು ಕುಡಿಯುವ ಹೆಂಗಸರು, ಇವರ ಉಸಿರಾಟ ವರ್ಷ ಕಳೆದಂತೆ ಏನಾಗುತ್ತದೆ ಎಂದು ತಿಳಿಯುವ ಸಂಶೋಧನೆ. ಯಾರ ಎದೆಯನ್ನೂ ಪರೀಕ್ಷಿಸುವ ಮೊದಲು, ಯಾರಿಂದಲೂ ರಕ್ತ ತೆಗೆಯುವ ಮೊದಲು, ಅದೇ ಜನರಿಂದ ಆದ ಒಂದು ಸಲಹಾ ಮಂಡಳಿ ಇರಬೇಕು ಎಂಬುದು ನಿಯಮ. ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ, ರಕ್ತ ಎಲ್ಲಿಗೆ ಹೋಗುತ್ತದೆ, ಬೇಡ ಎಂದರೆ ಬಿಡುತ್ತೀರಾ ಎಂದು ಡಾಕ್ಟರುಗಳನ್ನು ಕೂರಿಸಿ ಕೇಳುವ ಅಧಿಕಾರ ಆ ಮಂಡಳಿಯದು. ಮಂಡಳಿ ಬಿದ್ದರೆ ಸಂಶೋಧನೆಯೂ ನಿಲ್ಲುತ್ತದೆ. ಜನರನ್ನು ಹುಡುಕಿ ಸೇರಿಸುವುದು, ಸೇರಿದವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಅಪ್ಪ ಹಮಾಲಿ. ಅವ್ವ ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅದೇ ಬಡಾವಣೆಯ ಬಿ ಬ್ಲಾಕಿನಲ್ಲಿ ನಮ್ಮ ಆಫೀಸು. ಅವ್ವ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ ಬೀದಿಯಲ್ಲಿ ನಾನು ಮುಂದಿನ ಗೇಟು ತೆಗೆದು ಒಳಗೆ ಹೋಗುತ್ತಿದ್ದೆ. ಸಮಾಜಕಾರ್ಯದ ಎಂ.ಎ. ಪದವಿಯನ್ನು ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಓದಿ ಗಿಟ್ಟಿಸಿಕೊಂಡಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಭಟ್ಟಿಯೊಳಗೆ ಆ ಪದವಿಗೆ ಯಾರೂ ಮಣೆ ಹಾಕಲಿಲ್ಲ.

ಮಳೆಗಾಲದ ಕೊನೆ. ಮೋಡ ಕಟ್ಟಿ, ಮಳೆ ಬಾರದೆ, ಹೊಗೆ ಮೇಲೇಳದೆ ನೆಲಕ್ಕೇ ಹರಡಿಕೊಂಡಿದ್ದ ಒಂದು ಬೆಳಗ್ಗೆ ನಾನು ಹನುಮಕ್ಕನನ್ನು ಮೊದಲು ನೋಡಿದ್ದು. ಒಲೆಯ ಬಾಯಿಗೆ ಹೊಟ್ಟು ಎಸೆಯುತ್ತ, ಮಧ್ಯೆ ಎದ್ದು ಮಂಡಕ್ಕಿಯಿಂದ ಬಿಸಿ ಮರಳನ್ನು ಜರಡಿ ಹಿಡಿಯುತ್ತ, ತಲೆಗೆ ಹಳೇ ಟವೆಲು ಸುತ್ತಿಕೊಂಡಿದ್ದ ಹೆಂಗಸು. ನಾನು ಕಲಿತು ಬಂದ ಮಾತನ್ನೆಲ್ಲ ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ನೀವು ಭಟ್ಟಿ ಮುಚ್ಚಿಸೋರಾ?" ಎಂದು ಕೇಳಿದಳು.

"ಅಲ್ಲ ಅಕ್ಕ."

"ಕೂಲಿ ಹೆಚ್ಚು ಮಾಡಿಸೋರಾ?"

"ಅದೂ ಅಲ್ಲ."

"ಮತ್ಯಾಕ ಬಂದೀರಿ ಮೇಡಂ? ಚಳಿ ಕಾಯಿಸ್ಕೊಳ್ಳಾಕಾ?"

ಸುತ್ತಲಿನ ಹೆಂಗಸರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೇ ಇರಬೇಕು, ಮಾರನೇ ದಿನ ಹೋದಾಗ ಕೂರಲು ಒಂದು ಖಾಲಿ ಚೀಲ ಹಾಸಿದಳು. ಹೋಗುತ್ತಲೇ ಇದ್ದೆ. ಕೊನೆಗೊಂದು ದಿನ ತಾನಾಗಿ ಕೇಳಿದಳು: "ಮಂಡಳಿಗೆ ಬರ್ತೀನಿ. ಆದ್ರೆ ನಂದು ಒಂದು ಮಾತೈತೆ. ಯಾರ ಎದಿಯಾಗ ಏನೈತೆ ಅನ್ನೋದು ಅವ್ರಿಗೆ ಮಾತ್ರ ಗೊತ್ತಾಗ್ಬೇಕು. ಸಾವ್ಕಾರಗೂ ಬ್ಯಾಡ, ಗಂಡಗೂ ಬ್ಯಾಡ. ಇದು ಆಗ್ತೈತೇನು?" ಹಿಂದಿನ ವರ್ಷ ಅವಳ ಪಕ್ಕದ ಒಲೆಯಲ್ಲಿ ಕೂರುತ್ತಿದ್ದ ಹೆಂಗಸೊಬ್ಬಳು ಕೆಮ್ಮು ಹೆಚ್ಚಾಗಿ ಆಸ್ಪತ್ರೆಗೆ ತೋರಿಸಿದ್ದಳು. ಸುದ್ದಿ ಭಟ್ಟಿಗೆ ಬಂತು. ಮರುವಾರ ಅವಳ ಜಾಗದಲ್ಲಿ ಬೇರೆಯವಳು ಕೂತಿದ್ದಳು. ಅದನ್ನು ಹನುಮಕ್ಕ ಮರೆತಿರಲಿಲ್ಲ.

"ಅದನ್ನ ನೀವೇ ಮೀಟಿಂಗಲ್ಲಿ ಕೇಳ್ರಿ. ಕೇಳೋದಕ್ಕೇ ಮಂಡಳಿ ಇರೋದು" ಎಂದೆ.

ಮೊದಲ ಮೀಟಿಂಗು ನಮ್ಮ ಆಫೀಸಿನಲ್ಲಿ, ಬೆಳಗ್ಗೆ. ಭಟ್ಟಿಯ ಹೆಂಗಸರು ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಗೆ ಕೂತರು. ಎದುರಿಗೆ ಅಧ್ಯಕ್ಷರ ಕುರ್ಚಿಯಲ್ಲಿ ಮಂಡಿಪೇಟೆಯ ನಾಗರಾಜಪ್ಪ. ಎರಡು ಭಟ್ಟಿಗಳ ಒಡೆಯರು, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೊಡುಗೈ ಮನುಷ್ಯ. ಭಟ್ಟಿ ಮಾಲೀಕರ ಕಡೆಯಿಂದ ಅವರೊಬ್ಬರೇ ಒಪ್ಪಿ ಬಂದಿದ್ದರು. ಅವರಿರುವ ಕೋಣೆಯಲ್ಲಿ ಅವರ ಕೂಲಿಯವರು ಬಾಯಿ ಬಿಡಲಿಲ್ಲ. ಡಾಕ್ಟರ್ ಮೇಡಂ ಕೇಳಿದ್ದಕ್ಕೆಲ್ಲ ತಲೆ ಆಡಿಸಿದರು. ಕೊನೆಗೆ ನಾಗರಾಜಪ್ಪನವರ ಒತ್ತಾಯಕ್ಕೆ ಎಲ್ಲರೂ ಸಾಲಾಗಿ ನಿಂತು ಒಂದು ಫೋಟೊ ತೆಗೆಸಿಕೊಂಡದ್ದು ಬಿಟ್ಟರೆ ಆವತ್ತು ಬೇರೇನೂ ನಡೆಯಲಿಲ್ಲ.

ಎರಡನೇ ಮೀಟಿಂಗನ್ನು ಭಟ್ಟಿಗೆ ಹತ್ತಿರದ ಅಂಗನವಾಡಿಗೆ ಬದಲಾಯಿಸಿದೆ. ಒಲೆ ಆರಿದ ಮೇಲೆ, ಮಧ್ಯಾಹ್ನ. ಕುರ್ಚಿ ತೆಗೆಸಿ ಜಮಖಾನ ಹಾಸಿಸಿದೆ. ಎಲ್ಲರೂ ನೆಲದ ಮೇಲೆ, ಸಾಹುಕಾರರೂ. ಹೆಂಗಸರು ಬರುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತಿದ್ದವಳಿಗೆ ಮೊದಲು ಕಂಡದ್ದು ಹನುಮಕ್ಕನ ಟವೆಲು, ಅದರ ಹಿಂದೆ ಉಳಿದವರು. ಸಂಜೆ ಮಾವನಿಗೆ ಫೋನು ಮಾಡಿ ಮೀಸೆಯ ವಿಚಾರ ಕೇಳಿದೆ.

"ಅರ್ಧ ಅಂದಿದ್ನಲ್ಲ, ಯಾವ ಅರ್ಧ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ ತಾಯಿ" ಎಂದು ಫೋನಿಟ್ಟರು.

ಆ ಮೀಟಿಂಗಿನಲ್ಲಿ ಹನುಮಕ್ಕ ತನ್ನ ಮಾತನ್ನು ಇಟ್ಟಳು. ನಾಗರಾಜಪ್ಪ ಒಪ್ಪಲಿಲ್ಲ. "ನನ್ನ ಭಟ್ಟಿಯಾಗ ಯಾರಿಗೆ ಹುಷಾರಿಲ್ಲ ಅಂತ ನನಗೆ ಗೊತ್ತಾಗ್ಬಾರ್ದಾ? ಗೊತ್ತಾದ್ರೆ ಅವ್ರಿಗೆ ಹಗುರ ಕೆಲಸ ಕೊಡ್ತೀನಿ" ಎಂದರು. ಮನಸ್ಸಿನಿಂದಲೇ ಹೇಳಿದರು, ಅದು ನನಗೆ ಗೊತ್ತು.

ಹನುಮಕ್ಕ ಜಮಖಾನದ ಅಂಚನ್ನು ಉಗುರಿನಿಂದ ಕೀಳುತ್ತ, ಮುಖ ಎತ್ತದೆ, "ಮಂಡಕ್ಕಿಗಿಂತ ಹಗುರದ ಕೆಲಸ ಭಟ್ಟಿಯಾಗ ಎಲ್ಲೈತ್ರೀ ಸಾವ್ಕಾರ್ರೆ? ಹಗುರ ಅಂದ್ರೆ ಮನಿಗೆ ಕಳ್ಸೋದು" ಎಂದಳು.

ನಾಗರಾಜಪ್ಪನವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವರ ಮನಸ್ಸು ಒಂದು ಸುತ್ತು ತಿರುಗಿದರೆ ನಾಳೆ ಬೆಳಗ್ಗೆ ಹನುಮಕ್ಕನ ಒಲೆಯ ಮುಂದೆ ಬೇರೆಯವರು. ಆಗ ಹರಿಹರದ ಗಿರಣಿಯಿಂದ ಬಂದಿದ್ದ ಖಾಜಾಬಿ, ಅಲ್ಲಿದ್ದವರಲ್ಲೆಲ್ಲ ಹಿರಿಯಳು, ಸೆರಗು ಸರಿಮಾಡಿಕೊಂಡು ಕೈ ಎತ್ತಿದಳು. "ಆಕೀ ಹೇಳಿದ್ದಕ್ಕೆ ನನ್ನ ಕೈ. ನೀವೂ ಎತ್ರಿ ಅಣ್ಣಾ, ಕೈ ಎತ್ತಿದ್ರೆ ಉಂಗುರ ಕಾಣ್ತಾವು" ಎಂದಳು. ನಾಗರಾಜಪ್ಪ ಅವಳನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. ಕೈ ಎತ್ತಿದರು. ಪರೀಕ್ಷೆಯ ಫಲಿತಾಂಶ ಆ ಹೆಂಗಸಿಗೆ ಮಾತ್ರ, ಬೇರೆ ಯಾರು ಕೇಳಿದರೂ ಯಾರಿಗೂ ಇಲ್ಲ ಎಂಬುದು ಮಂಡಳಿಯ ಮೊದಲ ತೀರ್ಮಾನವಾಯಿತು.

ಅಲ್ಲಿಂದ ಚಳಿಗಾಲ ಪೂರ್ತಿ ಒಂದು ಮೀಟಿಂಗು ದಾವಣಗೆರೆಯಲ್ಲಿ, ಒಂದು ಹರಿಹರದಲ್ಲಿ. ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎಂದು ಆ ತಿಂಗಳುಗಳಲ್ಲಿ ಕಲಿತೆ. ಒಬ್ಬಳ ಗಂಡ ಬೇಡವೆಂದ. ಒಬ್ಬಳು ಮಗಳ ಬಾಣಂತನಕ್ಕೆ ಹೋದವಳು ಬರಲಿಲ್ಲ. ರಕ್ತ ತೆಗೆದು ಮಾರುತ್ತಾರಂತೆ ಎಂಬ ಮಾತು ಹಬ್ಬಿ ಒಂದಿಡೀ ಓಣಿ ನನಗೆ ಬಾಗಿಲು ಹಾಕಿತು. ನಾನು ತೊಟ್ಟಿಲ ಶಾಸ್ತ್ರಕ್ಕೆ ಹೋದೆ, ಸಾವಿನ ಮನೆಗೆ ಹೋದೆ, ರೇಷನ್ ಅಂಗಡಿಯ ಮುಂದೆ ಅವರ ಚೀಲ ಹಿಡಿದು ನಿಂತೆ. ಹೋದವರಲ್ಲಿ ಕೆಲವರು ಮರಳಿದರು. ಹನುಮಕ್ಕ ಒಂದು ಮೀಟಿಂಗನ್ನೂ ತಪ್ಪಿಸಲಿಲ್ಲ. ಅವಳು ಬಂದರೆ ಭಟ್ಟಿಯವರೆಲ್ಲ ಬರುತ್ತಿದ್ದರು. ಮಂಡಳಿಯ ನಡುಗಂಬ ಅವಳು.

ಯುಗಾದಿಗೆ ಎರಡು ದಿನವಿತ್ತು. ಮಾವ ಫೋನು ಮಾಡಿದರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಎಲ್ಲಿದೀ? ಮಂಡಿಪೇಟೆ ಹತ್ರ ಸರ್ಕಲ್ಲಿಗೆ ಬಾ. ನಿನ್ನ ಹೆಂಗಸ್ರನ್ನೆಲ್ಲ ಕಂಬಕ್ಕೆ ಹಾಕ್ಯಾರೆ."

ಹೋಗಿ ನೋಡಿದೆ. ದೊಡ್ಡ ಫ್ಲೆಕ್ಸು. ಮೇಲೆ ಬೇವು ಬೆಲ್ಲದ ಚಿತ್ರ, ಯುಗಾದಿಯ ಶುಭಾಶಯ. ಎಡಕ್ಕೆ ಕೈ ಮುಗಿದು ನಿಂತ ನಾಗರಾಜಪ್ಪ, ಆಳೆತ್ತರ. ನಡುವೆ ದಪ್ಪ ಕೆಂಪು ಅಕ್ಷರದಲ್ಲಿ "ಶ್ವಾಸಕೋಶದ ಕಾಯಿಲೆ". ಅದರ ಕೆಳಗೆ, ಹತ್ತಿರ ಹೋದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, "ಸಂಶೋಧನಾ ಸಲಹಾ ಮಂಡಳಿ". ಅದರಡಿಯಲ್ಲಿ ಒಂದೊಂದು ಗುಂಡು ಚೌಕಟ್ಟಿನೊಳಗೆ ಒಂದೊಂದು ಮುಖ, ಹೆಸರು ಸಮೇತ. ಆ ಮೊದಲ ಮೀಟಿಂಗಿನ ಫೋಟೊದಿಂದ ಕತ್ತರಿಸಿದ ಮುಖಗಳು. ಹನುಮಕ್ಕ ಹೆದರಿದ ಕಣ್ಣಿನಲ್ಲಿ ಇಡೀ ಪೇಟೆಯನ್ನು ನೋಡುತ್ತಿದ್ದಳು. ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಎರಡೇ: ಕಾಯಿಲೆಯ ಹೆಸರು, ಅದರ ಕೆಳಗೆ ಈ ಹೆಂಗಸರು.

ನಮ್ಮೂರಲ್ಲಿ ಹುಟ್ಟುಹಬ್ಬಕ್ಕೆ ಫ್ಲೆಕ್ಸು, ನಾಮಕರಣಕ್ಕೆ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಯಾರನ್ನಾದರೂ ಗೌರವಿಸಬೇಕೆಂದರೆ ಕಂಬಕ್ಕೆ ಏರಿಸಬೇಕು. ನಾಗರಾಜಪ್ಪನವರು ಮಾಡಿದ್ದು ಅದನ್ನೇ. ಅಂಗಡಿಗೆ ಹೋದಾಗ ನಗುತ್ತ ಎದ್ದು ಬಂದರು. "ನೋಡಿದ್ಯೇನಮ್ಮ? ಯಾವ ಸಾವ್ಕಾರ ತನ್ನ ಭಟ್ಟಿ ಹೆಂಗಸ್ರನ್ನ ತನ್ನ ಪಕ್ಕದಾಗ ಹಾಕಿಸ್ಕೊಂಡಾನೆ ಹೇಳು?" ನಾನು ವಿಷಯ ಹೇಳಿದೆ. ನಗು ಅಲ್ಲಿಗೇ ನಿಂತಿತು. "ಗೌರವ ಮಾಡಾಕೆ ಹಾಕಿಸ್ದೆ ನೋಡಮ್ಮ..." ಎಂದು ಕುರ್ಚಿ ಹುಡುಕಿಕೊಂಡು ಕೂತರು. ಮಾವನೇ ಆಟೊದ ಮೇಲೆ ಹತ್ತಿ ಹಗ್ಗ ಕೊಯ್ದರು. ಆದರೆ ಕೆಳಗಿಳಿಸುವ ಮೊದಲೇ ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು ಊರೂರಿಗೆ ಕಳಿಸಿಯಾಗಿತ್ತು.

ಹನುಮಕ್ಕನ ಮಗಳು ಕವಿತಾಳಿಗೆ ಮಲೆಬೆನ್ನೂರಿನ ಹತ್ತಿರದ ಹಳ್ಳಿಯೊಂದರ ಹುಡುಗ ಗೊತ್ತಾಗಿದ್ದ. ಭತ್ತ ಕೊಯ್ಯುವ ಮಿಷನ್ನು ಓಡಿಸುವ ಹುಡುಗ. ಹೂವು ಮುಡಿಸುವ ಶಾಸ್ತ್ರ ಮುಗಿದಿತ್ತು, ಮದುವೆ ವೈಶಾಖದಲ್ಲಿ. ಯುಗಾದಿಯ ಮರುದಿನ, ವರ್ಷತೊಡಕಿನ ಊಟದ ಹೊತ್ತಿಗೆ ಹುಡುಗನ ತಾಯಿ ಗಂಗಮ್ಮನಿಂದ ಫೋನು ಬಂತು. "ಸ್ವಲ್ಪ ತಡೀರಿ, ಪತ್ರಿಕೆ ಈಗ್ಲೇ ಅಚ್ಚು ಹಾಕಿಸ್ಬ್ಯಾಡ್ರಿ" ಅಂದರಂತೆ, ಅಷ್ಟೇ. ನಮ್ಮ ಕಡೆ ಸ್ವಲ್ಪ ತಡೀರಿ ಎಂದರೆ ಏನೆಂದು ಮಕ್ಕಳಿಗೂ ಗೊತ್ತು.

ಚೈತ್ರದ ಬಿಸಿಲು. ಭಟ್ಟಿಯ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಹೋದಾಗ ಹನುಮಕ್ಕ ಚೀಲ ಹಾಸಲಿಲ್ಲ, ಮುಖ ನೋಡಲಿಲ್ಲ. ನಾನು ನಿಂತೇ ಇದ್ದೆ. ಇದ್ದ ಮಂಡಕ್ಕಿಯೆಲ್ಲ ಸೋಸಿದ ಮೇಲೆ ಜರಡಿ ಕೆಳಗಿಟ್ಟಳು.

"ನನ್ನ ಮದುವಿಯಾಗೂ ಫೋಟೊ ತೆಗ್ಸಿರ್ಲಿಲ್ಲ ನಾನು. ನೀ ಬರ್ದೇ ಇದ್ರೆ ಈ ಮುಖ ಯಾರಿಗೆ ಬೇಕಾಗಿತ್ತು?"

ಆ ತಿಂಗಳ ಮೀಟಿಂಗಿಗೆ ಭಟ್ಟಿಯ ಒಬ್ಬ ಹೆಂಗಸೂ ಬರಲಿಲ್ಲ. ಡಾಕ್ಟರ್ ಮೇಡಂ ನನ್ನನ್ನು ಕರೆದು ಕೂರಿಸಿದರು. ಮಂಡಳಿಯ ಮೊದಲ ಅವಧಿಯ ಕೊನೆಯ ಮೀಟಿಂಗು ಹರಿಹರದಲ್ಲಿ, ವೈಶಾಖದ ಮೊದಲ ವಾರ. ಅಲ್ಲೂ ಭಟ್ಟಿಯವರು ಇಲ್ಲವೆಂದರೆ ಸಂಶೋಧನೆಗೆ ಅನುಮತಿ ಕೊಟ್ಟ ಮೇಲಿನ ಸಮಿತಿ ಇಡೀ ಕೆಲಸವನ್ನು ನಿಲ್ಲಿಸುತ್ತದೆ. ಮೇಡಂ ಕಠಿಣ ಹೆಂಗಸಲ್ಲ, ಹನುಮಕ್ಕನ ಮಗಳ ವಿಷಯ ಅವರನ್ನೂ ತಿಂದಿತ್ತು. "ಒಂದು ಕೆಲಸ ಮಾಡೋಣ. ಹನುಮಕ್ಕನ ಎದೆ ಪರೀಕ್ಷೆ ಮಾಡ್ತೀನಿ. ಏನೂ ಇಲ್ಲ ಅಂತಾದ್ರೆ ಬರೆದು ಸಹಿ ಹಾಕಿ ಕೊಡ್ತೀನಿ. ಬೀಗರಿಗೆ ತೋರಿಸ್ಲಿ. ಅವರಾಗಿ ತೋರಿಸಿದ್ರೆ ನಿಯಮ ಮುರಿದಂಗೆ ಆಗಲ್ಲ" ಎಂದರು.

ನನಗೆ ಹೋದ ಉಸಿರು ಬಂದ ಹಾಗಾಯಿತು. ಸ್ಕೂಟಿ ಹತ್ತಿ ನೇರ ಭಟ್ಟಿಗೆ ಹೋದೆ.

ಹನುಮಕ್ಕ ಪೂರ್ತಿ ಕೇಳಿದಳು. ಟವೆಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡಳು. "ನಂದು ಚಲೋ ಐತೆ ಅಂತ ಕಾಗದ ಹಿಡ್ಕಂಡು ಹೋದೆ ಅಂತ ತಿಳ್ಕೋ. ಮದುವಿ ಆತು. ನಾಳೆ ಈ ನಾಗಮ್ಮನ ಮಗಳಿಗೆ ಗಂಡು ಬರ್ತೈತೆ. ಹನುಮಕ್ಕ ತೋರ್ಸಿದ್ಲು, ನಿಂದೆಲ್ಲೈತೆ ಅಂತ ಕೇಳ್ತಾರೆ. ಆಕಿದು ಚಲೋ ಇಲ್ದಿದ್ರೆ?" ಪಕ್ಕದ ಒಲೆಯ ನಾಗಮ್ಮ ಹೊಟ್ಟು ಎಸೆಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದಳು. ಅವಳು ಆ ಚಳಿಗಾಲದಿಂದ ಕೆಮ್ಮುತ್ತಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹಂಗಾದ್ರೆ ಕವಿತಾ?" ಎಂದೆ.

"ಅದನ್ನೇ ರಾತ್ರಿಯೆಲ್ಲ ನನ್ನ ಕೇಳ್ಕಂತಿದೀನಿ. ನೀನೂ ಕೇಳ್ಬ್ಯಾಡ." ಕಣ್ಣು ತುಂಬಿದ್ದು ಹೊಗೆಗೋ ಏನೋ, ಸೆರಗಿನಿಂದ ಒತ್ತಿಕೊಂಡಳು. ಟವೆಲು ಮತ್ತೆ ತಲೆಗೆ ಸುತ್ತಿಕೊಳ್ಳುತ್ತ, "ಭಾನುವಾರ ಬಾ ನನ್ನ ಜೊತಿ. ಮಲೆಬೆನ್ನೂರಿಗೆ ಹೋಗಾಣ. ಕಾಗದ ಗೀಗದ ಏನೂ ತರ್ಬ್ಯಾಡ" ಎಂದಳು.

ಹರಿಹರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾವಣಗೆರೆಯ ಕಾದ ರಸ್ತೆ ಹಿಂದೆ ಬಿದ್ದು, ಕಾಲುವೆ ನೀರಿನ ಭತ್ತದ ಗದ್ದೆಗಳು ಎರಡೂ ಕಡೆ ಬಂದವು. ಬೇಸಿಗೆ ಬೆಳೆ ಹೊಂಬಣ್ಣಕ್ಕೆ ತಿರುಗಿತ್ತು. ಹನುಮಕ್ಕ ಕಿಟಕಿಯ ಪಕ್ಕ ಕೂತು ಆ ಪೈರನ್ನು ನೋಡುತ್ತ ದಾರಿಯುದ್ದಕ್ಕೂ ಒಂದೇ ಮಾತಾಡಿದಳು: "ಇಲ್ಲಿ ಹೊಗಿ ಇಲ್ಲ ನೋಡು. ಅದಕ್ಕೇ ಇಲ್ಲಿಗೆ ಕೊಡ್ಬೇಕು ಅಂತಿದ್ದೆ."

ಗಂಗಮ್ಮ ಜಗಲಿಯ ಮೇಲೆಯೇ ಕೂರಿಸಿದರು. "ಬರ್ರಿ, ಕೂಡ್ರಿ" ಎಂದರು, ನೀರು ಕೊಟ್ಟರು. ಗಟ್ಟಿ ಮೈಯ, ಕಡಿಮೆ ಮಾತಿನ ಹೆಂಗಸು. ಕುಶಲ ಕೇಳುವುದು ಮುಗಿಯಿತು. ನಂತರ ನೇರ ವಿಷಯಕ್ಕೆ ಬಂದರು.

"ಮುಚ್ಚುಮರೆ ಬ್ಯಾಡ ಬೀಗಿತ್ತಿ. ನಿಮಗೆ ಆ ಕಾಯಿಲೆ ಐತೋ, ಇಲ್ವೋ?"

"ಹೇಳಂಗಿಲ್ಲ" ಎಂದಳು ಹನುಮಕ್ಕ.

ಗಂಗಮ್ಮ ಹುಬ್ಬು ಏರಿಸಿದರು. "ಅಂದ್ರೆ ಐತೆ ಅಂತಾತು."

"ಇದ್ರೂ ಹೇಳಂಗಿಲ್ಲ, ಇಲ್ದಿದ್ರೂ ಹೇಳಂಗಿಲ್ಲ. ಯಾರದೂ ಯಾರಿಗೂ ಹೇಳಂಗಿಲ್ಲ ಅಂತ ನಾನೇ ಹತ್ತು ಜನದ ಮುಂದೆ ಮಾತು ಮಾಡೀನಿ. ಇವತ್ತು ನನ್ನ ಮಗಳ ಸಲುವಾಗಿ ತಿರುವಿದ್ರೆ ಆ ಮಾತಿಗೆ ಏನು ಉಳೀತು?"

"ಊರ ಹೆಂಗಸ್ರ ಮಾನ ಕಾಯಾಕೆ ಸ್ವಂತ ಮಗಳನ್ನ ಮನಿಯಾಗ ಕೂರಿಸ್ಕಂತೀರೇನು?"

ಆ ಮಾತು ಹನುಮಕ್ಕನಿಗೆ ಚುರುಕ್ಕೆಂದಿತು, ಕಂಡಿತು. ತಡೆದುಕೊಂಡಳು. "ಆ ಫೋಟೊದಾಗ ಇದ್ದೋರು ರೋಗಿಗಳಲ್ಲ ಬೀಗಿತ್ತಿ, ಡಾಕ್ಟರ್ರನ್ನ ಪ್ರಶ್ನೆ ಕೇಳೋರು. ನಾನು ಬಾಯಿಲೆ ಹೇಳಿದ್ರೆ ನೀವು ನಂಬಬ್ಯಾಡ್ರಿ. ಹರಿಹರದಾಗ ಮೀಟಿಂಗೈತೆ. ಬಂದು ಕೂತು ನೋಡ್ರಿ. ನೋಡಿದ ಮ್ಯಾಲೆ ಹೂಂ ಅನ್ರಿ, ಊಹೂಂ ಅನ್ರಿ, ನಾನು ಇನ್ನೊಂದು ಸಲ ಕೇಳಾಕೆ ಬರಂಗಿಲ್ಲ."

ಗಂಗಮ್ಮ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ನಾವು ಎದ್ದೆವು. ಮನೆಗೆ ಬಂದ ಮುತ್ತೈದೆಗೆ ಹೊರಡುವಾಗ ಕುಂಕುಮ ಕೊಡದೆ ಯಾರೂ ಕಳಿಸುವುದಿಲ್ಲ. ಹನುಮಕ್ಕ ಜಗಲಿಯ ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತಳು. ಒಳಗಿನಿಂದ ಕುಂಕುಮದ ಬಟ್ಟಲು ಬರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು. ಬಸ್ಸಿಗೆ ಕಾಯುವಾಗ ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ವೈಶಾಖದ ಆ ದಿನ ಹರಿಹರದಲ್ಲಿ ಗಾಳಿಯೇ ಇರಲಿಲ್ಲ. ಹೊಳೆ ಸಣ್ಣಗಾಗಿ ಬಂಡೆಗಳು ಎದ್ದಿದ್ದವು. ಸಮುದಾಯ ಭವನದಲ್ಲಿ ಜಮಖಾನ ಹಾಸಿ ಕೂತಿದ್ದೆವು. ಡಾಕ್ಟರ್ ಮೇಡಂ ನಿಮಿಷಕ್ಕೊಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಹನುಮಕ್ಕ ಬಂದಳು. ಹಿಂದೆ ನಾಗಮ್ಮ, ಅವಳ ಹಿಂದೆ ಭಟ್ಟಿಯವರೆಲ್ಲ. ಕಾಗದ ಬೇಡವೆಂದ ಮಾತನ್ನು ನಾಗಮ್ಮ ಓಣಿಯಲ್ಲೆಲ್ಲ ಹೇಳಿದ್ದಳಂತೆ. ನಾಗರಾಜಪ್ಪ ಮೊದಲೇ ಎದ್ದು ನಿಂತರು. "ನನ್ನಿಂದ ತಪ್ಪಾತು. ಇನ್ನು ಯಾರ ಫೋಟೊನೂ ಯಾರೂ ಎಲ್ಲೂ ಹಾಕಂಗಿಲ್ಲ ಅಂತ ಬರ್ಕಳ್ರಿ" ಎಂದು ಹೇಳಿ ಕೂತರು. ಖಾಜಾಬಿ ಅವರ ಕಡೆ ನೀರಿನ ಬಾಟಲಿ ಸರಿಸಿದಳು.

ಗಂಗಮ್ಮ ಬಂದಿರಲಿಲ್ಲ. ಹನುಮಕ್ಕ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು.

ಡಾಕ್ಟರ್ ಮೇಡಂ ಆವತ್ತಿನ ವಿಷಯ ಎತ್ತಿದರು. ಪರೀಕ್ಷೆ ಶುರುವಾದ ಮೇಲೆ ಫಲಿತಾಂಶವನ್ನು ಕೈಗೆ ಕೊಡುವ ಬದಲು ಮನೆಯ ಮೊಬೈಲಿಗೆ ಮೆಸೇಜು ಕಳಿಸಿದರೆ ಬೇಗ ತಲುಪುತ್ತದೆ, ಮಂಡಳಿ ಒಪ್ಪಬೇಕು ಎಂದರು. ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಗಂಗಮ್ಮ. ಜೊತೆಗೆ ಯಾರೂ ಇಲ್ಲ. ನಾನು ಎದ್ದು ಕರೆದೆ. "ಇಲ್ಲೇ ಇರ್ಲಿ" ಎಂದು ಹಿಂದಿನ ಗೋಡೆಗೆ ಒರಗಿ ಕೂತರು. ಹನುಮಕ್ಕ ತಿರುಗಿ ನೋಡಿದಳು, ಮತ್ತೆ ಮುಂದಕ್ಕೆ ತಿರುಗಿದಳು.

"ಏನಂತೀರಿ?" ಎಂದು ಮೇಡಂ ಕೇಳಿದರು. ಎಲ್ಲರ ಕಣ್ಣೂ ಹನುಮಕ್ಕನ ಮೇಲೆ. ಅವಳು ಸುಮ್ಮನೆ ಕೂತಿದ್ದಳು. ಅವಳು ಇವತ್ತು ಬಾಯಿ ಮುಚ್ಚಿಕೊಂಡರೂ ನ್ಯಾಯವೇ ಎಂದುಕೊಂಡೆ. ಸಂಭಾವಿತ ಬೀಗಿತ್ತಿಯಾಗಿ, ತಲೆ ತುಂಬ ಸೆರಗು ಹೊದ್ದು ಕೂತರೆ ಮಗಳ ಬಾಳು ನೆಟ್ಟಗಾದೀತು.

"ಆ ಫೋನು ಯಾರ ಕೈಯಾಗ ಇರ್ತೈತ್ರೀ?" ಎಂದಳು ಹನುಮಕ್ಕ.

ಮೇಡಂ ಗದ್ದಕ್ಕೆ ಕೈ ಹಚ್ಚಿದರು.

"ನಮ್ಮ ಮನಿಯಾಗ ಫೋನು ಮಗನ ಹತ್ರ. ಈ ನಾಗಮ್ಮನ ಮನಿಯಾಗ ಗಂಡನ ಹತ್ರ. ಓದಾಕೆ ಬರ್ದೋರಿಗೆ ಓದಿ ಹೇಳೋರು ಯಾರು? ಓದಿದೋರು ಇನ್ನೊಬ್ರಿಗೆ ಕಳ್ಸಿದ್ರೆ ವಾಪಸ್ ತರೋರು ಯಾರು? ಒಂದು ಫೋಟೊ ವಾಪಸ್ ತರಾಕೆ ನಮ್ಮ ಕೈಲಿ ಆಗ್ಲಿಲ್ಲ, ಮೇಡಂ." ಒಂದರ ಹಿಂದೊಂದು ಕೇಳುತ್ತ ಹೋದಳು. ದನಿ ಮೊದಲು ನಡುಗುತ್ತಿತ್ತು, ಆಮೇಲೆ ನಡುಗಲಿಲ್ಲ. ಮೇಡಂ ಒಂದೊಂದನ್ನೂ ಬರೆದುಕೊಂಡರು. ಕೊನೆಗೆ ಪೆನ್ನು ಕೆಳಗಿಟ್ಟು, ಮೆಸೇಜು ಬೇಡ, ಆ ಹೆಂಗಸನ್ನೇ ಕರೆದು ಕೂರಿಸಿ ಹೇಳುತ್ತೇವೆ ಎಂದರು.

ಹಿಂದಿನ ಗೋಡೆಯ ಕಡೆಯಿಂದ ದನಿ ಬಂತು. "ಅಲ್ರೀ, ಅತ್ತಿ ಕೇಳಿದ್ರೂ ಸೊಸಿದು ಹೇಳಂಗಿಲ್ಲೇನು?"

ಇಡೀ ಸಭೆ ಹಿಂದಕ್ಕೆ ತಿರುಗಿತು. ಹನುಮಕ್ಕ ಕೂತಲ್ಲಿಂದಲೇ ಪೂರ್ತಿ ತಿರುಗಿ ಅವರ ಮುಖಕ್ಕೆ ಮುಖ ಕೊಟ್ಟಳು.

"ಹೇಳಂಗಿಲ್ಲ ಬೀಗಿತ್ತಿ. ಸೊಸಿ ಬಂದು ಕೇಳಿದ್ರೆ ಅತ್ತಿದೂ ಹೇಳಂಗಿಲ್ಲ."

ಖಾಜಾಬಿ ನಕ್ಕಳು. ಬೇರೆ ಯಾರೂ ನಗಲಿಲ್ಲ. ಗಂಗಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು.

ಅವಧಿ ಪೂರೈಸಿದ ಸದಸ್ಯರಿಗೆ ಪ್ರಮಾಣಪತ್ರ ಕೊಡುವುದು ಕೊನೆಗೆ. ಮೇಡಂ ಒಬ್ಬೊಬ್ಬರ ಹೆಸರು ಕರೆದರು. ಖಾಜಾಬಿ ತೆಗೆದುಕೊಂಡಳು, ನಾಗರಾಜಪ್ಪ ತೆಗೆದುಕೊಂಡರು. ಹನುಮಕ್ಕನ ಹೆಸರು ಬಂದಾಗ ಮೇಡಂ ಆ ಕಾಗದವನ್ನು ನನ್ನ ಕೈಗಿತ್ತು "ನೀನೇ ಕೊಡು" ಎಂದರು. ಘಟಿಕೋತ್ಸವದ ದಿನ ನನ್ನ ಪದವಿಯ ಕಾಗದ ಹಿಡಿದಾಗಲೂ ನನ್ನ ಕೈ ಅಷ್ಟು ಬೆವತಿರಲಿಲ್ಲ. ಹನುಮಕ್ಕ ಎದ್ದು ಬಂದು, ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ನೋಡಲೂ ಇಲ್ಲ. ಹಿಂದಿನ ಗೋಡೆಯವರೆಗೆ ನಡೆದು ಹೋಗಿ 'ನೀವು ಬಂದಿದ್ದೇ ದೊಡ್ಡದು' ಎಂಬ ಹಾಗೆ ಕೈ ಮುಗಿದು ನಿಂತಳು.

ಗಂಗಮ್ಮ ಎದ್ದರು. ಅವಳ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದರು, ಹೆಸರಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿಕೊಂಡರು. ಅದನ್ನು ಹಾಗೇ ಮರಳಿ ಕೊಟ್ಟು, ನನ್ನ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇಷ್ಟು ಪ್ರಶ್ನೆ ಕೇಳೋ ತಾಯಿಯ ಮಗಳು ನಮ್ಮನಿಗೆ ಬರ್ತಾಳೆ ಅಂದ್ರೆ, ನಾನು ಈಗಿಂದ್ಲೇ ಉತ್ತರ ಕಲ್ತಿಟ್ಕಬೇಕು ನೋಡಮ್ಮ."